ಹತ್ತು ಲಕ್ಷ ಸಿಲಬಸ್, ಒಂದೇ ಕೀ

2008. ನಾನಾಗ ಒಂದು ಡಿಗ್ರಿ ಕಾಲೇಜಲ್ಲಿ ಹಿಸ್ಟರಿ ಗೆಸ್ಟ್ ಲೆಕ್ಚರರ್, ಗಂಟೆ ಲೆಕ್ಕದ ಸಂಬಳ, ಅದೂ ಆರು ತಿಂಗಳಿಗೊಂದ್ಸಲ ಕೈಗೆ ಬಂದ್ರೆ ಪುಣ್ಯ. ಒಂದಿನ ಎಚ್‌ಓಡಿ ಮೇಡಂ ಸ್ಟಾಫ್ ರೂಮಿಗೆ ಕರ್ದು, "ಫೈನಲ್ ಇಯರ್ ಮಕ್ಳಿಗೆ ಶನಿವಾರ ಒಂದು ಸೆಮಿನಾರ್ ತರ ನಡೆಸಪ್ಪ, ಬೆಂಗಳೂರಿನ ಇತಿಹಾಸ, ಎಂಟು ವಾರ ಸಾಕು, ಪರೀಕ್ಷೆ ಗಿರೀಕ್ಷೆ ಇಲ್ಲ, ಏನ್ ಓದಿಸ್ಬೇಕು ಅಂತ ನೀನೇ ಒಂದು ಲಿಸ್ಟ್ ಮಾಡ್ಕೊಂಡು ಬಾ" ಅಂದ್ರು. ಆಯ್ತು ಮೇಡಂ ಅಂದು ಹೊರಗ್ ಬಂದ್ಮೇಲೆ ಹೊಳೀತು, ಐದು ವರ್ಷ ಇತಿಹಾಸ ಓದಿ ಎರಡು ವರ್ಷ ಪಾಠ ಮಾಡಿದ್ರೂ ಒಂದು ಸಿಲಬಸ್ ಹೇಗ್ ಹುಟ್ಟತ್ತೆ ಅನ್ನೋದನ್ನ ನಾನು ಒಂದ್ಸಲನೂ ಕಣ್ಣಾರೆ ನೋಡಿರ್ಲಿಲ್ಲ.

ನಮ್ಮಲ್ಲಿ ಸಿಲಬಸ್ ಅಂದ್ರೆ ಮೇಲಿಂದ ಇಳಿದು ಬರೋ ವಸ್ತು. ಯೂನಿವರ್ಸಿಟಿ ಬೋರ್ಡ್ ಆಫ್ ಸ್ಟಡೀಸ್ ಕೂತು ಮಾಡತ್ತೆ, ಬುಕ್ಲೆಟ್ ಪ್ರಿಂಟಾಗತ್ತೆ, ಕಾಲೇಜ್ ಎದುರಿನ ಜೆರಾಕ್ಸ್ ಅಂಗಡೀಲಿ ಅದರ ಕಾಪಿ ಸಿಗತ್ತೆ, ಯೂನಿಟ್ ಒಂದು ಯೂನಿಟ್ ಎರಡು ಅಂತ ಇರತ್ತೆ, ಕೊನೇಲಿ ಲೈಬ್ರರೀಲಿ ಇಲ್ಲದೇ ಇರೋ ಹತ್ತು ಪುಸ್ತಕದ ಹೆಸರು. ಪಾಠ ಮಾಡೋರಿಗೂ ಅದಕ್ಕೂ ಸಂಬಂಧ ಇಷ್ಟೇ, ಡಿಸೆಂಬರ್ ಒಳಗೆ ಮುಗಿಸ್ಬೇಕು. ಅಮೆರಿಕದಲ್ಲಿ ಹಾಗಲ್ಲ, ಅಲ್ಲಿ ಕೋರ್ಸ್ ತಗೊಳೋ ಮೇಷ್ಟ್ರೇ ತಮ್ಮ ಸಿಲಬಸ್ ಬರೀತಾರೆ, ಯಾವ ವಾರ ಯಾವ ಪುಸ್ತಕದ ಎಷ್ಟು ಪುಟ, ಎಷ್ಟು ಪ್ರಬಂಧ, ಯಾವುದಕ್ಕೆ ಎಷ್ಟು ಮಾರ್ಕ್ಸು, ತಡವಾಗಿ ಕೊಟ್ರೆ ಎಷ್ಟು ಕಟ್, ಎಲ್ಲಾ. ಈ ವ್ಯತ್ಯಾಸ ತಲೇಲಿ ಇಟ್ಕೊಂಡ್ರೆ ಮಾತ್ರ ಮುಂದಿನದ್ದು ಅರ್ಥ ಆಗತ್ತೆ, ಯಾಕಂದ್ರೆ ಪ್ರತಿಯೊಬ್ರೂ ತಮ್ಮದೇ ಸಿಲಬಸ್ ಬರಿಯೋ ಕಡೆ ಮಾತ್ರ "ಇನ್ನೊಬ್ರು ಹೇಗ್ ಬರ್ದಿದಾರೆ ನೋಡೋಣ" ಅನ್ನೋ ಆಸೆ ಹುಟ್ಟತ್ತೆ. ನಮ್ಮಲ್ಲಿ ನೋಡಿ ಏನ್ ಮಾಡ್ತೀರಾ, ಇರೋದೇ ಒಂದು.

ಸಂಜೆ ಸೈಬರ್ ಸೆಂಟರ್‌ಗೆ ಹೋದೆ, ಗಂಟೆಗೆ ಹದಿನೈದು ರೂಪಾಯಿ. ಗೂಗಲ್‌ನಲ್ಲಿ ಸಿಲಬಸ್ ಅಂತ ಹೊಡೆದ್ರೆ ಕೆಎಎಸ್ ಐಎಎಸ್ ಕೋಚಿಂಗ್ ಜಾಹೀರಾತು, ಜೊತೆಗೆ ಹಿಸ್ಟರಿ ಅಂತ ಸೇರಿಸಿದ್ರೆ ಒಂಬತ್ತನೇ ಪಯಸ್ ಅನ್ನೋ ಪೋಪ್ 1864ರಲ್ಲಿ ಹೊರಡಿಸಿದ "ತಪ್ಪುಗಳ ಪಟ್ಟಿ"! ಅದರ ಹೆಸರಲ್ಲೂ ಸಿಲಬಸ್ ಅನ್ನೋ ಪದ ಇದೆಯಂತೆ, ಆಧುನಿಕ ವಿಚಾರಗಳನ್ನೆಲ್ಲ ಸಾಲಾಗಿ ತಪ್ಪು ತಪ್ಪು ಅಂತ ಎಣಿಸಿರೋ ಪತ್ರ. ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪಿನ ಮುಂದೆ ಹಾಕೋ ಸಾರಾಂಶಕ್ಕೂ ಸಿಲಬಸ್ ಅಂತಲೇ ಹೆಸರು, ಅದೂ ಬಂತು. ಅರ್ಧ ಗಂಟೆ ಹಿಂಗೇ ಕಳೀತು. ಆಮೇಲೆ ಎಲ್ಲೋ ಒಂದು ಲಿಂಕ್ ಹಿಡ್ಕೊಂಡು ಹೋಗಿ ತಲುಪಿದ್ದು ಸಿಲಬಸ್ ಫೈಂಡರ್ ಅನ್ನೋ ಪುಟಕ್ಕೆ, ವರ್ಜೀನಿಯಾದ ಜಾರ್ಜ್ ಮೇಸನ್ ಯೂನಿವರ್ಸಿಟಿಯ ಸೆಂಟರ್ ಫಾರ್ ಹಿಸ್ಟರಿ ಅಂಡ್ ನ್ಯೂ ಮೀಡಿಯಾದ್ದು. ಅಲ್ಲಿ ವಸಾಹತು ನಗರ, ದಕ್ಷಿಣ ಏಷ್ಯಾ ಅನ್ನೋ ಅರ್ಥದ ಎರಡು ಪದ ಹಾಕ್ದೆ ಅಷ್ಟೇ, ಬರೀ ಸಿಲಬಸ್ಸುಗಳೇ ಬಂದ್ವು. ಕೋಚಿಂಗ್ ಸೆಂಟರ್ ಇಲ್ಲ, ಪೋಪ್ ಇಲ್ಲ. ಏಳೆಂಟು ಪ್ರಿಂಟ್ ತೆಗೆಸ್ಕೊಂಡೆ, ಪುಟಕ್ಕೆ ಎರಡು ರೂಪಾಯಿ ಅಂತ ಅಂಗಡಿ ಅಣ್ಣ ಹೇಳ್ದಾಗ ಆಫೀಸ್ ಅವರ್ಸ್ ಮತ್ತೆ ಕಾಪಿ ಹೊಡೀಬೇಡಿ ಅನ್ನೋ ಪುಟಗಳನ್ನ ಬಿಟ್ಬಿಡಿ ಅಣ್ಣಾ ಅಂದೆ.

ಮುಂದಿನ ವರ್ಷ, 2009ರ ಕೊನೇಲಿ, ಇನ್ನೊಂದು ಸೆಮಿನಾರ್‌ಗೆ ಅಂತ ಅದೇ ಪುಟಕ್ಕೆ ಹೋದ್ರೆ ಹುಡುಕಾಟ ಕೆಲಸಾನೇ ಮಾಡ್ತಿಲ್ಲ. ಇದು ಯಾಕೆ ಹಿಂಗಾಯ್ತು ಅಂತ ಕೆದಕ್ತಾ ಹೋದಾಗ ಸಿಕ್ಕಿದ್ದೇ ಈ ಪ್ರಕರಣ, ಮತ್ತೆ ಇದರ ಬುಡ ಸಿಲಬಸ್ ಫೈಂಡರ್ ಹುಟ್ಟಿದ 2002ರಲ್ಲಿ ಇಲ್ಲ, ಇನ್ನೂ ಹತ್ತು ಹನ್ನೆರಡು ವರ್ಷ ಹಿಂದೆ ಇದೆ.

1990ರಿಂದ ಶುರು ಮಾಡೋಣ. ವೆಬ್ ಇನ್ನೂ ಜನರ ಕೈಗೆ ಬಂದಿಲ್ಲ. ಮಿಸಿಸಿಪ್ಪಿ ಸ್ಟೇಟ್ ಯೂನಿವರ್ಸಿಟೀಲಿ ಡೊನಾಲ್ಡ್ ಮೇಬ್ರಿ ಅನ್ನೋ ಲ್ಯಾಟಿನ್ ಅಮೆರಿಕ ಇತಿಹಾಸಕಾರ ಒಂದು ಎಫ್‌ಟಿಪಿ ಕಣಜ ತೆರೆದ್ರು, ಆಮೇಲೆ ಅದು ಹಿಸ್ಟಾರಿಕಲ್ ಟೆಕ್ಸ್ಟ್ ಆರ್ಕೈವ್ ಅಂತ ಹೆಸರಾಯ್ತು. ಎಫ್‌ಟಿಪಿ ಅಂದ್ರೆ ಇನ್ನೊಬ್ಬರ ಕಂಪ್ಯೂಟರಿನ ಅಟ್ಟ ಹತ್ತಿ ಫೈಲ್ ಇಳಿಸ್ಕೊಂಡು ಬರೋದು. ಲಾಗಿನ್ ಕೇಳಿದ್ರೆ "ಅನಾನಿಮಸ್" ಅಂತ ಹೊಡೀಬೇಕು, ಪಾಸ್‌ವರ್ಡ್ ಜಾಗದಲ್ಲಿ ನಿಮ್ಮ ಇಮೇಲ್ ವಿಳಾಸ, ಅದು ರೂಲ್ಸ್ ಅಲ್ಲ, ಮರ್ಯಾದೆ. ಒಳಗೆ ಹೋದ್ಮೇಲೆ ಒಂದೊಂದೇ ಫೋಲ್ಡರ್ ತೆಗೆದು ಪಟ್ಟಿ ನೋಡ್ತಾ ಇಳೀಬೇಕು, ಹೆಸರು ನೋಡಿ ಒಳಗೇನಿದೆ ಅಂತ ಊಹಿಸ್ಬೇಕು. ವರ್ಡ್‌ಪರ್ಫೆಕ್ಟ್ ಅನ್ನೋ ಟೈಪಿಂಗ್ ಸಾಫ್ಟ್‌ವೇರಿನ ಫೈಲನ್ನ ಬೈನರಿ ಮೋಡ್‌ಗೆ, ಅಂದ್ರೆ ಇದ್ದದ್ದನ್ನ ಇದ್ದ ಹಾಗೇ ಇಳಿಸೋ ಕ್ರಮಕ್ಕೆ, ಹಾಕದೇ ಇಳಿಸ್ಕೊಂಡ್ರೆ ಮುಗೀತು, ತೆಗೆದ್ರೆ ಬರೀ ಕಸ. ಮನೆಯಿಂದ ಫೋನ್ ಲೈನಲ್ಲಿ ಸೆಕೆಂಡಿಗೆ 2400 ಬಿಟ್ ಸಾಗಿಸೋ ಮೋಡೆಂ ಇಟ್ಕೊಂಡೋರಿಗೆ ಸೆಕೆಂಡಿಗೆ ಸುಮಾರು 240 ಅಕ್ಷರ, ಅಂದ್ರೆ 20,000 ಅಕ್ಷರದ ಒಂದು ಸಿಲಬಸ್ ಇಳಿಯೋಕೆ ಒಂದೂವರೆ ನಿಮಿಷದ ಹತ್ರ. ಇದು ಪರವಾಗಿಲ್ಲ ಅನ್ಸತ್ತೆ, ಆದ್ರೆ ಆ ಫೈಲು ಬೇಕಾದ್ದೇ ಅಂತ ಗೊತ್ತಾಗೋದು ಇಳಿದ ಮೇಲೆ.

ಯಾವ ಫೈಲು ಯಾವ ಊರಿನ ಅಟ್ಟದಲ್ಲಿದೆ ಅಂತ ಹುಡುಕೋಕೆ ಅದೇ 1990ರಲ್ಲಿ ಕೆನಡಾದ ಮೆಕ್‌ಗಿಲ್ ಯೂನಿವರ್ಸಿಟೀಲಿ ಅಲನ್ ಎಮ್‌ಟೇಜ್ ಅನ್ನೋ ಹುಡುಗ ಆರ್ಚಿ ಅನ್ನೋದನ್ನ ಕಟ್ಟಿದ್ದ. ಆರ್ಚಿ ನೋಡ್ತಿದ್ದದ್ದು ಫೈಲಿನ ಹೆಸರು ಮಾತ್ರ. ಒಳಗಿನ ಒಂದು ಅಕ್ಷರಾನೂ ಅದಕ್ಕೆ ಗೊತ್ತಿಲ್ಲ. ಈ ಮಾತನ್ನ ಸ್ವಲ್ಪ ಹಿಡ್ಕೊಂಡಿರಿ.

ಇನ್ನೊಂದು ದಾರಿ ಲಿಸ್ಟ್‌ಸರ್ವ್, 1986ರಲ್ಲಿ ಎರಿಕ್ ಥಾಮಸ್ ಬರೆದ ಪ್ರೋಗ್ರಾಂ, ಒಬ್ರು ಕಳ್ಸಿದ ಇಮೇಲನ್ನ ಒಂದು ಪಟ್ಟೀಲಿರೋ ಎಲ್ರಿಗೂ ಹಂಚೋದು. ಬಿಟ್‌ನೆಟ್ ಅಂತ ಯೂನಿವರ್ಸಿಟಿಗಳ ನಡುವೆ 1981ರಿಂದ ಒಂದು ನೆಟ್‌ವರ್ಕ್ ಇತ್ತು, ಮೆಷೀನಿಗೇ ಇಮೇಲ್ ಕಳ್ಸಿ ಕೆಲಸ ಮಾಡಿಸ್ಕೊಳೋದು. ಇಲಿನಾಯ್ ಯೂನಿವರ್ಸಿಟಿಯ ಶಿಕಾಗೋ ಕ್ಯಾಂಪಸ್ಸಲ್ಲಿ ರಿಚರ್ಡ್ ಜೆನ್ಸನ್ ಅನ್ನೋ ಇತಿಹಾಸಕಾರ ಇದನ್ನೇ ಬಳಸಿ ಎಚ್-ನೆಟ್ ಶುರು ಮಾಡಿದ್ರು, 1993ರಲ್ಲಿ ಮೊದಲ ಪಟ್ಟಿ ಎಚ್-ಅರ್ಬನ್, ನಗರ ಇತಿಹಾಸದ್ದು. ನನ್ನ ವಿಷಯವೇ! ಆಮೇಲೆ ಮಹಿಳಾ ಇತಿಹಾಸ, ಅದು ಇದು ಅಂತ ಒಂದೊಂದಕ್ಕೆ ಒಂದೊಂದು. ಅಲ್ಲಿ ಯಾರೋ ಒಬ್ರು, ಮುಂದಿನ ಸೆಮಿಸ್ಟರ್ ನಾನು ಹೊಸ ಕೋರ್ಸ್ ತಗೋತಿದೀನಿ ಯಾರ ಹತ್ರಾದ್ರೂ ಸಿಲಬಸ್ ಇದ್ಯಾ ಅಂತ ಕೇಳೋರು, ಇನ್ಯಾರೋ ಪುಣ್ಯಾತ್ಮರು ತಮ್ಮದನ್ನ ಪೂರ್ತಿ ಅಂಟಿಸಿ ಕಳ್ಸೋರು. ಬರೀ ಆಸ್ಕಿ, ಅಂದ್ರೆ ಸಾದಾ ಇಂಗ್ಲಿಷ್ ಅಕ್ಷರ, ಬೋಲ್ಡ್ ಇಲ್ಲ, ಇಟಾಲಿಕ್ ಇಲ್ಲ, ಪುಸ್ತಕದ ಹೆಸರಿನ ಎರಡೂ ಕಡೆ ಅಂಡರ್‌ಸ್ಕೋರು, ಫ್ರೆಂಚ್ ಹೆಸರುಗಳ ಮೇಲಿನ ಗೀಟುಗಳೆಲ್ಲ ಮಾಯ. ಆದ್ರೂ ಇದರಷ್ಟು ಒಳ್ಳೆ ವ್ಯವಸ್ಥೆ ಆಮೇಲೆ ಬಂದಿಲ್ಲ ಅಂತ ನನಗನ್ಸತ್ತೆ, ಯಾಕಂದ್ರೆ ಕೇಳಿದೋರು ಯಾರು ಕೊಟ್ಟೋರು ಯಾರು ಅಂತ ಇಬ್ರಿಗೂ ಗೊತ್ತು, ನಿಮ್ಮ ಐದನೇ ವಾರ ಕೆಲಸ ಮಾಡ್ಲಿಲ್ಲ ಸರ್ ಅಂತ ವಾಪಸ್ ಬರೀಬಹುದಿತ್ತು.

ತೊಂದರೆ ಏನಂದ್ರೆ ಆ ಸಿಲಬಸ್ ಆಮೇಲೆ ಎಲ್ಲಿ ಹೋಗತ್ತೆ ಅನ್ನೋದು. ಲಿಸ್ಟ್‌ಸರ್ವ್ ಎಲ್ಲಾ ಮೆಸೇಜನ್ನೂ ಒಂದು ಲಾಗ್ ಫೈಲಿಗೆ ತುಂಬಿಸ್ತಿತ್ತು, ವಾರಕ್ಕೊಂದು ಅಂತ ಸೆಟ್ ಮಾಡಿದ್ರೆ ಆ ಫೈಲಿನ ಹೆಸರು "ಲಾಗ್ 9402ಸಿ" ಅಂತಿರೋದು, ಅಂದ್ರೆ 1994ರ ಎರಡನೇ ತಿಂಗಳ ಮೂರನೇ ವಾರ. ಬೇಕು ಅಂದ್ರೆ ಮೆಷೀನಿಗೆ "ಇಂಡೆಕ್ಸ್" ಅಂತ ಒಂದು ಇಮೇಲ್ ಕಳ್ಸಿ ಪಟ್ಟಿ ತರಿಸ್ಕೊಂಡು, ಆಮೇಲೆ "ಗೆಟ್" ಅಂತ ಇನ್ನೊಂದು ಕಳ್ಸಿ ಆ ಲಾಗ್ ತರಿಸ್ಕೊಂಡು, ಅದರೊಳಗೆ ಜಗಳ, ಪುಸ್ತಕ ವಿಮರ್ಶೆ, ಕಾನ್ಫರೆನ್ಸ್ ಪ್ರಕಟಣೆ ಎಲ್ಲದರ ನಡುವೆ ಒಂದು ಸಿಲಬಸ್ ಹೆಕ್ಕಬೇಕು. ಹೊರಗಿನ ಚೀಟಿ ನೋಡಿದ್ರೆ ಒಳಗೆ ಏನಿದೆ ಅಂತ ಬ್ರಹ್ಮನಿಗೂ ತಿಳಿಯಲ್ಲ.

ಮೂರನೇದು ಗೋಫರ್, 1991, ಮಿನ್ನೆಸೋಟ ಯೂನಿವರ್ಸಿಟಿ. ಆ ಯೂನಿವರ್ಸಿಟಿ ಟೀಮುಗಳ ಲಾಂಛನ ಗೋಫರ್ ಅನ್ನೋ ಇಲಿ ಜಾತಿಯ ಪ್ರಾಣಿ, ಹೆಸರು ಅಲ್ಲಿಂದ. ಮೆನು ಬರತ್ತೆ, ನಂಬರ್ ಒತ್ತಿದ್ರೆ ಇನ್ನೊಂದು ಮೆನು, ಅದು ಇನ್ನೊಂದು ದೇಶದ ಕಂಪ್ಯೂಟರ್ ಆಗಿರಬಹುದು, ನಿಮಗೆ ಗೊತ್ತಾಗೋದೂ ಇಲ್ಲ. ಎಫ್‌ಟಿಪಿ ಅಟ್ಟ ಹತ್ತಿ ಸುಸ್ತಾಗಿದ್ದ ಮೇಷ್ಟ್ರುಗಳಿಗೆ ಇದು ಸ್ವರ್ಗ, ಡಿಪಾರ್ಟ್‌ಮೆಂಟುಗಳು ತಮ್ಮ ತಮ್ಮ ಕೋರ್ಸು ಹ್ಯಾಂಡೌಟು ಎಲ್ಲ ಅದರಲ್ಲಿ ಇಡೋಕೆ ಶುರು ಮಾಡಿದ್ವು. ಅದನ್ನ ಹುಡುಕೋಕೆ 1992ರಲ್ಲಿ ನೆವಾಡಾದ ರೀನೋ ಯೂನಿವರ್ಸಿಟಿಯೋರು ವೆರೋನಿಕಾ ತಂದ್ರು, ಆರ್ಚಿ ಅನ್ನೋ ಕಾಮಿಕ್ಸಿನ ಹುಡುಗಿ ಹೆಸರು, ತಮಾಷೆಗೆ. ಸಿಲಬಸ್, ಹಿಸ್ಟರಿ ಅಂತ ಎರಡು ಪದ ಹೊಡೆದು ಕಾಯೋದು, ಹಗಲು ಹೊತ್ತು ಆದ್ರೆ "ಬಹಳ ಜನ ಇದಾರೆ, ಆಮೇಲೆ ಬನ್ನಿ" ಅನ್ನೋ ಉತ್ತರವೇ ಜಾಸ್ತಿ. ಬಂದ್ರೂ, ವೆರೋನಿಕಾನೂ ಮೆನುವಿನ ಶೀರ್ಷಿಕೆ ಮಾತ್ರ ನೋಡೋದು! ಮೇಷ್ಟ್ರು ಮೆನೂಲಿ "ಹಿಸ್ಟರಿ ಸಿಲಬಸ್" ಅಂತ ಬರೆದಿದ್ರೆ ಸಿಗತ್ತೆ, ಬರೀ ಕೋರ್ಸ್ ನಂಬರ್ ಹಾಕಿ "340, ಸ್ಪ್ರಿಂಗ್" ಅಂತ ಬರೆದಿದ್ರೆ ಇಲ್ಲ. ಮತ್ತೆ ಬಹಳಷ್ಟು ಮೇಷ್ಟ್ರು ಬರಿಯೋದು ಹಾಗೇ, ಅವರ ಡಿಪಾರ್ಟ್‌ಮೆಂಟಲ್ಲಿ ಎಲ್ರಿಗೂ 340 ಅಂದ್ರೆ ಏನು ಅಂತ ಗೊತ್ತಲ್ಲ. ಹಂಚೋ ಮನಸ್ಸಿತ್ತು, ಜಾಗ ಇತ್ತು, ಫೈಲೂ ಇತ್ತು, ಆದ್ರೆ ಹೊರಗಿನೋರಿಗೆ ಅರ್ಥ ಆಗೋ ಒಂದು ಚೀಟಿ ಇಲ್ದೆ ಎಷ್ಟು ಸಿಲಬಸ್ಸು ಕಣ್ಣೆದುರೇ ಇದ್ರೂ ಸಿಗದೆ ಹೋಗಿರಬೇಕು.

1993ರ ಶುರುವಲ್ಲಿ ಮಿನ್ನೆಸೋಟದೋರು ಕೆಲವು ಥರದ ಬಳಕೆದಾರರಿಗೆ ಗೋಫರ್ ಸರ್ವರ್‌ಗೆ ಲೈಸೆನ್ಸ್ ಫೀ ಹಾಕ್ತೀವಿ ಅಂದ್ರು. ಅದೇ ವರ್ಷ ಏಪ್ರಿಲ್ 30ಕ್ಕೆ ಸ್ವಿಟ್ಜರ್ಲೆಂಡಿನ ಸರ್ನ್ ಸಂಸ್ಥೆ ವೆಬ್‌ನ ಸಾಫ್ಟ್‌ವೇರ್ ಯಾರು ಬೇಕಾದ್ರೂ ಬಿಟ್ಟಿ ಬಳಸಿ ಅಂತು. ಮುಂದಿನದ್ದು ಹೇಳೋದೇ ಬೇಡ, ಜನ ಗೋಫರ್ ಬಿಟ್ಟು ವೆಬ್ ಹಿಡಿದ್ರು.

ಕ್ಯಾನ್ಸಸ್ ಯೂನಿವರ್ಸಿಟೀಲಿ ಲಿನ್ ನೆಲ್ಸನ್ ಅನ್ನೋ ಮಧ್ಯಯುಗದ ಇತಿಹಾಸಕಾರ 1993ರಲ್ಲೇ ಎಚ್‌ಎನ್‌ಸೋರ್ಸ್ ಅಂತ ಇತಿಹಾಸಕ್ಕೆ ಒಂದು ವೆಬ್ ತಾಣ ತೆರೆದ್ರು, ಇತಿಹಾಸದ ತೀರಾ ಮೊದಮೊದಲ ವೆಬ್ ತಾಣಗಳಲ್ಲಿ ಒಂದು. ಕ್ಯಾನ್ಸಸ್ಸೇ ಯಾಕೆ ಅಂದ್ರೆ ಲಿಂಕ್ಸ್ ಅನ್ನೋ ಬರೀ ಅಕ್ಷರದ ಬ್ರೌಸರ್ ಹುಟ್ಟಿದ್ದು ಅದೇ ಕ್ಯಾಂಪಸ್ಸಲ್ಲಿ. ವೆಬ್ ಗೊತ್ತಿಲ್ದೋರೂ ಟೆಲ್‌ನೆಟ್ ಮಾಡಿ, ಅಂದ್ರೆ ದೂರದಿಂದ್ಲೇ ಆ ಕಂಪ್ಯೂಟರಿಗೆ ಸಂಪರ್ಕ ಹಾಕಿ, ಲಾಗಿನ್ ಜಾಗದಲ್ಲಿ "ಹಿಸ್ಟರಿ" ಅಂತ ಹೊಡೆದ್ರೆ ಒಳಗೆ ಬರಬಹುದಿತ್ತು, ಈ ಒಂದು ಉಪಾಯ ನನಗೆ ತುಂಬಾ ಇಷ್ಟ, ಬಾಗಿಲಿಗೆ ವಿಷಯದ ಹೆಸರನ್ನೇ ಬೀಗದ ಕೈ ಮಾಡಿದ್ರಲ್ಲ. ಆ ಲಿಂಕ್ಸು ಆಮೇಲೆ ನಮ್ಮ ಕಡೆಗೂ ಬಂತು. 1995ರ ಆಗಸ್ಟ್ 15ಕ್ಕೆ ಆಗಿನ ಸರ್ಕಾರಿ ಕಂಪನಿ ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಇಂಟರ್ನೆಟ್ ಕೊಟ್ಟಾಗ ಕಡಿಮೆ ದುಡ್ಡಿನ, ಬರೀ ಅಕ್ಷರ ತೋರಿಸೋ ಶೆಲ್ ಅಕೌಂಟ್ ತಗೊಂಡೋರು ವೆಬ್ ನೋಡ್ತಿದ್ದದ್ದು ಇದರಲ್ಲೇ, ಕಪ್ಪು ಪರದೆ, ಚಿತ್ರ ಇಲ್ಲ. ಅದಕ್ಕೂ ಮುಂಚೆ ಎರ್ನೆಟ್ ಅಂತ ಶಿಕ್ಷಣ, ಸಂಶೋಧನಾ ಸಂಸ್ಥೆಗಳ ನೆಟ್‌ವರ್ಕ್ ಇತ್ತು, ಬೆಂಗಳೂರಲ್ಲಿ ಐಐಎಸ್ಸಿ ಅದರ ಒಂದು ಕೇಂದ್ರ. ಆದ್ರೆ ಅದು ವಿಜ್ಞಾನ, ಇಂಜಿನಿಯರಿಂಗ್ ಜನದ ಕೈಲಿದ್ದ ಸಾಧನ, ಇತಿಹಾಸ ಕಲಿಸೋ ನಮ್ಮಂಥ ಡಿಗ್ರಿ ಕಾಲೇಜಿನೋರಿಗೆ ಅದರ ಗಾಳೀನೂ ಸೋಕಿರ್ಲಿಲ್ಲ.

ವೆಬ್ ಬಂದ್ಮೇಲೆ ಸಮಸ್ಯೆ ತಿರುಗಾ ಮುರುಗಾ ಆಯ್ತು. ಮೊದ್ಲು ಒಳಗಿನದ್ದು ಹುಡುಕೋಕೆ ಆಗ್ತಿರ್ಲಿಲ್ಲ, ಈಗ ಒಳಗಿನ ಪ್ರತಿ ಪದಾನೂ ಹುಡುಕಬಹುದು, ಅದಕ್ಕೇ ಪೋಪ್ ಬರ್ತಾರೆ. ಡ್ಯಾನ್ ಕೋಹೆನ್ ಅನ್ನೋ ಇತಿಹಾಸಕಾರ 2002ರಲ್ಲಿ ಹಿಡಿದ ಎಳೆ ಇದು. ಅವರು ಕೆಲಸ ಮಾಡ್ತಿದ್ದ ಜಾರ್ಜ್ ಮೇಸನ್ನಿನ ಆ ಸೆಂಟರನ್ನ ರಾಯ್ ರೋಸೆನ್‌ಜ್ವೈಗ್ 1994ರಲ್ಲಿ ಕಟ್ಟಿದ್ದು. ಕೋಹೆನ್ ಯೋಚನೆ ಸರಳ: ಸಿಲಬಸ್ ಅನ್ನೋದು ತನ್ನ ಹೆಸರನ್ನ ತಾನು ಹೇಳದೇ ಇರಬಹುದು, ಆದ್ರೆ ಅದರ ಮಾತಿನ ಧಾಟಿ ಮುಚ್ಚಿಡೋಕಾಗಲ್ಲ. ವಾರ, ಓದು, ಅಸೈನ್‌ಮೆಂಟ್, ಗ್ರೇಡು, ಈ ಥರ ಪದಗಳು ಒಂದೇ ಪುಟದಲ್ಲಿ ಒತ್ತೊತ್ತಾಗಿ ಬಂದ್ರೆ ಅದು ಬಹುತೇಕ ಸಿಲಬಸ್ಸೇ. ನಮ್ಮೂರಲ್ಲಿ ಮದುವೆ ಕಾಗದನ ದೂರದಿಂದ್ಲೇ ಗುರುತಿಸ್ತೀವಲ್ಲ, ಓದೋದೇ ಬೇಡ, ಹಾಗೆ. ನೀವು "ವಸಾಹತು ನಗರ" ಅಂತ ಹೊಡೆದ್ರೆ ಸಿಲಬಸ್ ಫೈಂಡರ್ ಅದಕ್ಕೆ ಈ ಲಕ್ಷಣದ ಪದಗಳನ್ನ ಸೇರಿಸಿ ಗೂಗಲ್‌ಗೆ ಕಳ್ಸತ್ತೆ, ಬಂದಿದ್ರಲ್ಲಿ ಸಿಲಬಸ್ ಥರ ಕಾಣೋದನ್ನ ಸೋಸಿ ನಿಮಗೆ ಕೊಡತ್ತೆ, ಕೊಟ್ಟಿದ್ದನ್ನ ತನ್ನ ಡೇಟಾಬೇಸಲ್ಲೂ ಇಟ್ಕೊಳತ್ತೆ. ಅಂದ್ರೆ ಹುಡುಕೋ ಪ್ರತಿಯೊಬ್ರೂ ತಮಗೆ ಗೊತ್ತಿಲ್ದೇ ಒಂದೊಂದು ಹಿಡಿ ಕಣಜಕ್ಕೆ ಹಾಕ್ತಿದ್ರು. ನಾನೂ ಆ ಸಂಜೆ ಹಾಕಿರಬಹುದು.

ಹಾಗೆ ಕೂಡಿದ್ದು ಏನಕ್ಕೆ ಬಂತು? 2005ರಲ್ಲಿ ಕೋಹೆನ್ ಇದನ್ನೇ ಬಳಸಿ ಅಮೆರಿಕ ಇತಿಹಾಸದ ಆರಂಭಿಕ ಕೋರ್ಸುಗಳ ನೂರಾರು ಸಿಲಬಸ್ ಎದುರಿಟ್ಕೊಂಡು, ನಿಜವಾಗ್ಲೂ ಯಾವ ಪಠ್ಯಪುಸ್ತಕ ಎಷ್ಟು ಓದಿಸ್ತಾರೆ ಅಂತ ಎಣಿಸಿ ಜರ್ನಲ್ ಆಫ್ ಅಮೆರಿಕನ್ ಹಿಸ್ಟರೀಲಿ ಬರೆದ್ರು. ಅಲ್ಲೀವರೆಗೆ ಅಂಥದ್ದು ತಿಳೀಬೇಕು ಅಂದ್ರೆ ಮೇಷ್ಟ್ರುಗಳಿಗೆ ಪ್ರಶ್ನಾವಳಿ ಕಳ್ಸಿ ಬಾಯಿಮಾತು ನಂಬಬೇಕಿತ್ತು. ನನಗನ್ಸೋದು, ಗೋಫರ್ ಕಾಲದಲ್ಲಿ ಒಂದು ಸಿಲಬಸ್ ಹುಡುಕೋದೇ ಗುರಿ, ಇಲ್ಲಿಗೆ ಬರೋಷ್ಟ್ರಲ್ಲಿ ಸಿಲಬಸ್ಸೇ ದಾಖಲೆ ಆಗ್ಬಿಟ್ಟಿದೆ, ಶಾಸನ ಓದೋ ಹಾಗೆ ಓದಬಹುದಾದ್ದು.

ಈಗ ಕೀ ವಿಷಯ. ಗೂಗಲ್ 2002ರಲ್ಲಿ ಹೊರಗಿನ ಪ್ರೋಗ್ರಾಮರ್‌ಗಳಿಗೆ ತನ್ನ ಹುಡುಕಾಟ ಬಳಸೋಕೆ ಎಪಿಐ ಅನ್ನೋ ಒಂದು ಕಿಂಡಿ ಬಿಟ್ಟಿತ್ತು, ಒಂದು ಪ್ರೋಗ್ರಾಂ ಇನ್ನೊಂದನ್ನ ಪ್ರಶ್ನೆ ಕೇಳೋ ದಾರಿ, ಅರ್ಜಿ ಹಾಕಿದ್ರೆ ಒಂದು ಕೀ, ಅಂದ್ರೆ ಪಾಸ್‌ವರ್ಡ್ ಥರದ ಒಂದು ಗುರುತು, ಕೊಡೋದು. ಸಾಮಾನ್ಯ ಕೀಗೆ ದಿನಕ್ಕೆ 1,000 ಪ್ರಶ್ನೆ, ಪ್ರಶ್ನೆಗೆ 10 ಉತ್ತರ. ಲೆಕ್ಕ ಹಾಕಿ, ಒಬ್ಬರ ಒಂದು ಹುಡುಕಾಟಕ್ಕೆ ನಾಲ್ಕು ಪ್ರಶ್ನೆ ಖರ್ಚಾದ್ರೆ ದಿನಕ್ಕೆ 250 ಹುಡುಕಾಟ, ಅಷ್ಟೇ, ರೇಷನ್ ಅಂಗಡಿ ಲೆಕ್ಕ. ಇದು ಗೂಗಲ್‌ನೋರು ಪುಕ್ಕಟೆ ಕೊಟ್ಟಿದ್ದ ಜಗಲಿ, ಬಾಡಿಗೆ ಕರಾರು ಏನೂ ಇಲ್ಲ. 2006ರ ಡಿಸೆಂಬರಲ್ಲಿ ಹೊಸ ಕೀ ಕೊಡೋದು ನಿಲ್ಲಿಸಿದ್ರು, ಹಳೇದು ನಡೀತಿತ್ತು. 2009ರಲ್ಲಿ ಪೂರ್ತಿ ಮುಚ್ಚಿದ್ರು. ಸಿಲಬಸ್ ಫೈಂಡರ್ ನಿಂತುಹೋಗಿದ್ದು ಅದಕ್ಕೇ. ಕೋಡ್ ಕೆಟ್ಟಿರ್ಲಿಲ್ಲ, ಜನ ಬಿಟ್ಟಿರ್ಲಿಲ್ಲ, ಸಿಲಬಸ್ಸೂ ಖಾಲಿಯಾಗಿರ್ಲಿಲ್ಲ. ಮಿನ್ನೆಸೋಟದ ಫೀ ಕಥೆ ನೆನಪಾಗತ್ತೆ, ಆದ್ರೆ ಅಲ್ಲಿ ಕೊನೇಪಕ್ಷ ಸಿಟ್ಟು ಮಾಡ್ಕೊಳೋಕೆ ಒಂದು ಯೂನಿವರ್ಸಿಟಿ ಇತ್ತು.

ಇನ್ನೊಂದು ಕಾರಣನೂ ಒಳಗೊಳಗೇ ಕೆಲಸ ಮಾಡ್ತಿತ್ತು. ಬ್ಲ್ಯಾಕ್‌ಬೋರ್ಡ್ ಅನ್ನೋ ಕಂಪನಿ 1997ರಲ್ಲಿ ಶುರುವಾಯ್ತು, ಕೋರ್ಸಿನ ಪಾಠ, ಮಾರ್ಕ್ಸು ಎಲ್ಲ ಲಾಗಿನ್ ಒಳಗೆ ನಡೆಸೋ ಅಂಥ ಸಾಫ್ಟ್‌ವೇರನ್ನ ಕಾಲೇಜುಗಳು ಹಾಕಿಸ್ಕೊಳ್ತಾ ಹೋದ ಹಾಗೆ ಮೊದಲು ಮೇಷ್ಟ್ರ ವೆಬ್ ಪುಟದಲ್ಲಿ ಬಯಲಲ್ಲಿರ್ತಿದ್ದ ಸಿಲಬಸ್ಸು ಪಾಸ್‌ವರ್ಡ್ ಹಿಂದೆ ಹೋಗಿ ಕೂತ್ಕೊಳ್ತು. ಯಾರೂ ಬಚ್ಚಿಡ್ಬೇಕು ಅಂತ ಮಾಡಿದ್ದಲ್ಲ, ಸುಲಭ ಅಂತ ಮಾಡಿದ್ದು. ಇದಕ್ಕೆ ಉಲ್ಟಾ ಟೆಕ್ಸಸ್ ರಾಜ್ಯ 2009ರಲ್ಲಿ ಒಂದು ಕಾನೂನನ್ನೇ ಮಾಡ್ತು, ಸರ್ಕಾರಿ ಕಾಲೇಜುಗಳ ಪದವಿ ಕೋರ್ಸಿನ ಸಿಲಬಸ್ ಕಾಲೇಜ್ ವೆಬ್‌ಸೈಟಿನ ಮೊದಲ ಪುಟದಿಂದ ಮೂರು ಕ್ಲಿಕ್ ಒಳಗೆ, ಪಾಸ್‌ವರ್ಡ್ ಇಲ್ದೆ, ಯಾರಿಗಾದ್ರೂ ಕಾಣ್ಬೇಕು ಅಂತ. ಮೇಷ್ಟ್ರುಗಳ ಮೇಲೆ ಕಣ್ಣಿಡೋ ಉದ್ದೇಶಾನೂ ಅದರಲ್ಲಿ ಇದೆ ಅಂತ ಗೊಣಗಾಟ ಎದ್ದಿದ್ದು ಸಹಜ, ನಾನಾಗಿದ್ರೂ ಗೊಣಗ್ತಿದ್ದೆ. ಎಚ್-ಅರ್ಬನ್‌ನಲ್ಲಿ ಕೇಳಿದೋರಿಗೆ ಕೈಯಾರೆ ಕೊಟ್ಟಿದ್ದಕ್ಕೂ ಸರ್ಕಾರ ಹೇಳಿ ತೂಗುಹಾಕಿಸಿದ್ದಕ್ಕೂ ವ್ಯತ್ಯಾಸ ಇದೆಯಲ್ಲ.

ಕೂಡಿಟ್ಟಿದ್ದು ಮಾತ್ರ ಹಾಳಾಗ್ಲಿಲ್ಲ. 2002ರಿಂದ 2009ರವರೆಗೆ ಕಣಜ ಸೇರಿದ್ದ ಹತ್ತು ಲಕ್ಷಕ್ಕೂ ಮೇಲಿನ ಸಿಲಬಸ್ಸಿನ ಡೇಟಾಬೇಸನ್ನ 2011ರ ಮಾರ್ಚಲ್ಲಿ ಕೋಹೆನ್ ಸಂಶೋಧಕರಿಗೆ ಬಿಟ್ಟುಕೊಟ್ರು. ಆಮೇಲೆ ಓಪನ್ ಸಿಲಬಸ್ ಅನ್ನೋ ಯೋಜನೆ ಬೇರೆ ದಾರೀಲಿ ಇದೇ ಕೆಲಸ ದೊಡ್ಡದಾಗಿ ಮಾಡ್ತು, 2016ರ ಜನವರೀಲಿ ಯಾವ ಪುಸ್ತಕ ಎಷ್ಟು ಕಡೆ ಓದಿಸ್ತಾರೆ ಅಂತ ನೋಡೋ ಹಾಗೆ ಜನರ ಮುಂದಿಟ್ರು. ಅದೊಂದು ಬೇರೆ ಕಥೆ.

ನನ್ನ ಸೆಮಿನಾರ್ ಏನಾಯ್ತು ಅಂತ ಹೇಳ್ಬೇಕಲ್ಲ. ಆ ಏಳೆಂಟು ಪ್ರಿಂಟಲ್ಲಿ ನಾನು ಪುಸ್ತಕಗಳನ್ನ ಎತ್ಕೊಳೋಕಾಗ್ಲಿಲ್ಲ, ಒಂದೂ ನಮ್ಮ ಲೈಬ್ರರೀಲಿ ಇರ್ಲಿಲ್ಲ. ಎತ್ಕೊಂಡಿದ್ದು ವಾರ ಕಟ್ಟೋ ರೀತಿ, ಅಂದ್ರೆ ಪ್ರತಿ ವಾರಕ್ಕೂ ಒಂದು ಪ್ರಶ್ನೆ. ಮೊದಲ ವಾರ 1537ರ ಕೆಂಪೇಗೌಡರ ಪೇಟೆ, ಅಕ್ಕಿಪೇಟೆ ಬಳೇಪೇಟೆ ಅಂತ ಕಸುಬಿನ ಹೆಸರಲ್ಲೇ ಬೀದಿ ಯಾಕೆ? ಎರಡನೇದು 1809ರ ಕಂಟೋನ್ಮೆಂಟು, ಒಂದೇ ಊರಲ್ಲಿ ಎರಡು ಊರು ಹೇಗೆ? 1898ರ ಪ್ಲೇಗ್‌ಗೆ ಒಂದು ವಾರ, ಬಸವನಗುಡಿ ಮಲ್ಲೇಶ್ವರಂ ಬಡಾವಣೆ ಅದರ ಜೊತೆಗೇ. ಕೊನೆ ವಾರ 1949, ಎರಡೂ ಮುನಿಸಿಪಾಲಿಟಿ ಒಂದಾಗಿದ್ದು. ಓದೋಕೆ ಪುಸ್ತಕದ ಬದ್ಲು ಹಳೇ ಗೆಜೆಟಿಯರಿನ ಜೆರಾಕ್ಸು, ಮತ್ತೆ ಒಂದು ಶನಿವಾರ ಚಿಕ್ಕಪೇಟೇಲಿ ನಡೆದಾಟ. ಹದಿನಾಲ್ಕು ಜನ ಶುರು ಮಾಡಿದ್ರು, ಕೊನೆಗೆ ಒಂಬತ್ತು ಜನ ಉಳಿದ್ರು. ಮೇಡಂ ಲಿಸ್ಟ್ ನೋಡಿ "ಇದು ಸಿಲಬಸ್ ಥರ ಇಲ್ವಲ್ಲಪ್ಪ, ಬರೀ ಪ್ರಶ್ನೆ ಇದೆ" ಅಂದಿದ್ರು, ಆದ್ರೂ ಸಹಿ ಹಾಕಿದ್ರು.

ಮೊನ್ನೆ ಆ ಒಂಬತ್ತರಲ್ಲಿ ಒಬ್ಬಳು ಫೋನ್ ಮಾಡಿದ್ಲು, ಈಗ ಅವಳೂ ಪಿಯು ಕಾಲೇಜಲ್ಲಿ ಲೆಕ್ಚರರ್. "ಸರ್, ಆ ಎಂಟು ವಾರದ ಲಿಸ್ಟ್ ಇದ್ಯಾ, ನಮ್ಮ ಮಕ್ಳಿಗೆ ಮಾಡೋಣ ಅಂತ." ಇದೆ ಕಣಮ್ಮ ಅಂದೆ, ಆಮೇಲೆ ಹಳೇ ಸಿಡಿ, ಹಳೇ ಪೆನ್‌ಡ್ರೈವ್ ಎಲ್ಲಾ ತಡಕಾಡಿ ಎರಡು ದಿನ ಹೋಯ್ತು. ಬೆಂಗಳೂರು ಅಂತ ಹುಡುಕ್ದೆ, ಸಿಲಬಸ್ ಅಂತ ಹುಡುಕ್ದೆ, ಸೆಮಿನಾರ್ ಅಂತ ಹುಡುಕ್ದೆ, ಇಲ್ಲ. ಕೊನೆಗೆ ಸಿಕ್ಕಿದ ಫೈಲಿನ ಹೆಸರು "ನ್ಯೂ 1". ತೆಗೆದ್ರೆ ಹಳೇ ನುಡಿ ಫಾಂಟಲ್ಲಿ ಟೈಪ್ ಮಾಡಿದ್ದು, ಈ ಲ್ಯಾಪ್‌ಟಾಪಲ್ಲಿ ಆ ಫಾಂಟ್ ಇಲ್ಲ, ತಲೆ ಮೇಲೆ ಚುಕ್ಕಿ ಗೀಟು ಹಾಕ್ಕೊಂಡ ಇಂಗ್ಲಿಷ್ ಅಕ್ಷರಗಳ ಜಾತ್ರೆ, ಅಂಕಿ ಮಾತ್ರ ಸರಿಯಾಗಿ ಕಾಣ್ತಿದ್ವು, 1537, 1809, 1898, 1949. ಅಂಕಿ ನೋಡಿಯೇ ಇದು ಅದೇ ಅಂತ ಗೊತ್ತಾಗಿದ್ದು. ರಾತ್ರಿ ಕೂತು ಯೂನಿಕೋಡಲ್ಲಿ ಮತ್ತೆ ಟೈಪ್ ಮಾಡಿ, "ಬೆಂಗಳೂರು ಇತಿಹಾಸ ಸಿಲಬಸ್ 8 ವಾರ" ಅಂತ ಹೆಸರಿಟ್ಟು ವಾಟ್ಸಾಪ್ ಮಾಡ್ದೆ. ಅವಳು ತಂಸಪ್ ಒತ್ತಿ, "ಸರ್ ಐದನೇ ವಾರ ಸ್ವಲ್ಪ ಬದಲಾಯಿಸ್ಲಾ?" ಅಂತ ಕೇಳಿದಾಳೆ.